ಸೊಂಡಿಲ ದೇವರ ಕಾಗದಗಳು

ಮೊನ್ನೆ ಪಕ್ಕದ ಮನೆಯವರು ಹರಿವೆ ಬೀಜ ಉಂಟಾ ಎಂದು ಕೇಳಿಕೊಂಡು ಬಂದರು. ಪುತ್ತೂರಿನ ದರ್ಬೆಯ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ನಾಲ್ಕು ಹೂವಿನ ಚಟ್ಟಿ ಇಡುವಷ್ಟೇ ಜಾಗವಿರುವ ಬಡಾವಣೆ ನಮ್ಮದು. ಆದರೂ ಹರಿವೆ ಬಿತ್ತುವ ಹಟವನ್ನು ಅವರೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಬೀಜ ಇದೆಯೆಂದು ನನಗೆ ಗೊತ್ತಿತ್ತು. ಯಾರ ಮದುವೆಯಲ್ಲಿದೆ ಎಂಬುದು ಮಾತ್ರ ಮರೆತುಹೋಗಿತ್ತು.

ಹೀಗೆಂದರೆ ಘಟ್ಟದ ಮೇಲಿನವರಿಗೆ ತಲೆಬುಡ ತಿಳಿಯಲಿಕ್ಕಿಲ್ಲ, ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ತರಕಾರಿ ಬೀಜ ಜೋಪಾನವಾಗಿರುವುದು ಮದುವೆ ಕಾಗದದ ಲಕೋಟೆಯಲ್ಲಿ. ದಪ್ಪ ಕಾಗದ, ಗಟ್ಟಿ ಅಂಟು, ಗುರುತಿಗೆ ಮೇಲೆ ಎರಡು ಹೆಸರು ಬೇರೆ. ನನ್ನ ಹತ್ತಿರ ಅಲಸಂಡೆ ಇರುವುದು ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಬೆಂಡೆ ಇರುವುದು ನಮ್ಮ ಹಳೆಯ ಹೆಡ್‌ಮಾಸ್ಟರರ ಮಗನ ಮದುವೆಯಲ್ಲಿ. ಆ ಮಗನ ತಲೆ ಈಗ ಬೋಳಾಗಿದೆ, ಬೆಂಡೆ ಮಾತ್ರ ವರ್ಷವರ್ಷವೂ ಮೊಳೆಯುತ್ತದೆ. ಹರಿವೆ ಹುಡುಕಲು ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬವನ್ನು ಅಡಿಮೇಲು ಮಾಡಿದೆ. ಬೀಜದ ಲಕೋಟೆಗಳ ಕೆಳಗೆ ಮದುವೆ ಕಾಗದಗಳು, ಅವುಗಳ ಕೆಳಗೆ ಇನ್ನೂ ಹಳೆಯ ಮದುವೆ ಕಾಗದಗಳು. ನಗಬೇಡಿ. ಮೊದಲು ನಿಮ್ಮ ಮನೆಯ ಕಪಾಟಿನ ಮೇಲೆ ಒಮ್ಮೆ ಕೈಯಾಡಿಸಿ ನೋಡಿ, ಆಮೇಲೆ ನಗಿ.

ಈ ಸಂಗ್ರಹಕ್ಕೆ ಕಾರಣ ನನ್ನ ಅಮ್ಮ. ಮದುವೆ ಕಾಗದದ ನೆತ್ತಿಯಲ್ಲಿ ಗಣಪತಿಯ ಚಿತ್ರ ಇರುತ್ತದಲ್ಲ, ಹಾಗಾಗಿ ಅದನ್ನು ಕಸಕ್ಕೆ ಹಾಕುವಂತಿಲ್ಲ, ಒಲೆಗೆ ಹಾಕುವಂತಿಲ್ಲ, ಕಾಲಡಿಗೆ ಬೀಳಲು ಬಿಡುವಂತಿಲ್ಲ. ಹೊಳೆಗೆ ಬಿಟ್ಟರೆ ದೋಷವಿಲ್ಲ ಎಂದು ಯಾರೋ ಹೇಳಿದ್ದರು. ಅದಕ್ಕಾಗಿ ಹೊಳೆಯ ತನಕ ನಡೆಯುವವರು ಯಾರು? ಕಾಗದಗಳೆಲ್ಲ ಅಟ್ಟ ಸೇರಿದವು. ಇದರಲ್ಲಿ ಇನ್ನೂ ಒಂದು ತೊಡಕಿತ್ತು. ನನ್ನ ಅಪ್ಪನ ಹೆಸರೂ ಗಣಪತಿ. ಗಂಡನ ಹೆಸರನ್ನು ಅಮ್ಮ ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ, ಹಾಗಾಗಿ ದೇವರ ಹೆಸರನ್ನೂ ಹೇಳುವ ಹಾಗಿರಲಿಲ್ಲ. ‘ಸೊಂಡಿಲ ದೇವರು’ ಎನ್ನುತ್ತಿದ್ದಳು. ಚೌತಿಯ ದಿನ ನಾವು ಮಕ್ಕಳೆಲ್ಲ ಸಾಲಾಗಿ ಕುಳಿತು ಭಜನೆ ಹೇಳುವಾಗ ಆ ಹೆಸರು ಬಂದಲ್ಲಿ ಅಮ್ಮನ ದನಿ ಟಕ್ಕೆಂದು ನಿಂತು, ಮುಂದಿನ ಶಬ್ದಕ್ಕೆ ಸರಿಯಾಗಿ ಬಂದು ಸೇರಿಕೊಳ್ಳುತ್ತಿತ್ತು. ಸಣ್ಣ ತೋಡನ್ನು ಹಾರಿ ದಾಟಿದ ಹಾಗೆ. ಮದುವೆ ಕಾಗದಕ್ಕೆ ನಮ್ಮ ಮನೆಯಲ್ಲಿ ‘ಸೊಂಡಿಲ ದೇವರ ಕಾಗದ’ ಎಂದೇ ಹೆಸರಾಯಿತು. ಶಾಲೆಯಲ್ಲೂ ನಾನು ಹಾಗೇ ಹೇಳಿ ನಗೆಪಾಟಲಾಗಿದ್ದೆ.

ನಾನು ಓದು ಕಲಿತದ್ದು ಅರ್ಧ ಶಾಲೆಯಲ್ಲಿ, ಇನ್ನರ್ಧ ಆ ಅಟ್ಟದಲ್ಲಿ. ನಾಲ್ಕು ಮೂಲೆಗೆ ಹಚ್ಚಿದ ಅರಸಿನದ ವಾಸನೆ, ಬೆರಳಿಗೆ ಹತ್ತುವ ಬಂಗಾರದ ಪುಡಿ, ಗುಲಾಬಿ ಬಣ್ಣದ ಅಕ್ಷರ. ಎಲ್ಲ ಮದುಮಗಳ ಹೆಸರಿನ ಮುಂದೆಯೂ ‘ಚಿ. ಸೌ.’ ಎಂದಿರುವುದನ್ನು ನೋಡಿ, ಮದುವೆಯಾಗಬೇಕಾದರೆ ಹುಡುಗಿಯರು ಮೊದಲು ಚಿಸೌ ಎಂದು ಹೆಸರು ಬದಲಿಸಿಕೊಳ್ಳಬೇಕೆಂದು ಬಹಳ ಕಾಲ ನಂಬಿದ್ದೆ. ನನಗೆ ಆ ಹೆಸರು ಇಷ್ಟವಿರಲಿಲ್ಲ, ಮದುವೆಯೇ ಬೇಡ ಎಂದು ತೀರ್ಮಾನಿಸಿದ್ದೆ. ಅಪ್ಪನ ಓದು ಬೇರೆ ತರಹ. ಅವರ ಕಣ್ಣು ನೇರವಾಗಿ ಕಾಗದದ ಬುಡಕ್ಕೆ ಇಳಿದು ಊಟದ ಹೊತ್ತು ಎಷ್ಟಕ್ಕೆ ಎಂದು ನೋಡಿ ಮೇಲೆ ಬರುತ್ತಿತ್ತು. ವಧೂವರರು ಯಾರೆಂದು ಅಮ್ಮ ಕೇಳಿದರೆ, ಯಾರೋ ನಮ್ಮವರೇ ಎನ್ನುತ್ತಿದ್ದರು.

ಆ ಕಾಗದಗಳು ಒಂದು ದಿನ ನನ್ನ ಮರ್ಯಾದೆ ಉಳಿಸುತ್ತವೆ, ಅದಾದ ಮೇಲೆ ಕಳೆಯುತ್ತವೆ, ಕೊನೆಗೆ ದುಪ್ಪಟ್ಟಾಗಿ ಹಿಂದೆ ಕೊಡುತ್ತವೆ ಎಂದು ಆಗ ಯಾರಿಗೆ ಗೊತ್ತಿತ್ತು?

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ, ಓದು ಬಾರದ ಹಿರಿಯರಿಗೆ ಓದು ಕಲಿಸುವ ಸ್ವಯಂಸೇವಕರನ್ನು ತಯಾರು ಮಾಡಬೇಕೆಂದು ಸಾಕ್ಷರತಾ ಕಾರ್ಯಕ್ರಮದವರು ನನ್ನನ್ನು ಕರೆದರು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ನನ್ನ ಪಾಲಿಗೆ. ‘ಸಂಪನ್ಮೂಲ ವ್ಯಕ್ತಿ’ ಎಂಬ ಬಿರುದೂ ಸಿಕ್ಕಿತು. ಈ ಬಿರುದಿನವಳಿಗೆ ಇನ್ನು ಚಹಾ ಮಾಡಿಕೊಡುವವರು ಯಾರು ಎಂದು ಮನೆಯಲ್ಲಿ ಯಜಮಾನರು ಕೇಳಿದರು. ಬಿರುದಿನೊಂದಿಗೆ ಒಂದು ಚೀಲವೂ ಬಂತು. ಅದರಲ್ಲಿ ಒಂದು ಕೈಪಿಡಿ, ಗೋಡೆಗೆ ತೂಗುಹಾಕುವ ಪಟಗಳು, ಚಿತ್ರದ ಕಾರ್ಡುಗಳು, ಮತ್ತು ಹಾಕಿ ನೋಡಲು ಯಾರ ಮನೆಯಲ್ಲೂ ಯಂತ್ರ ಉಳಿಯದ ಒಂದು ಸಿಡಿ.

ಕೈಪಿಡಿಯನ್ನು ನಾನು ದೂರುವುದಿಲ್ಲ. ಅದನ್ನು ಬರೆದವರು ತಿಳಿದವರೇ. ಕಲಿಯುವವರು ತಡವರಿಸಿದಾಗ ಬಾಯಿ ಹಾಕಬೇಡಿ, ಸಮಯ ಕೊಡಿ ಎಂದು ಅದರಲ್ಲಿ ಎರಡೆರಡು ಕಡೆ ಬರೆದಿತ್ತು. ಕನ್ನಡ ಟೀಚರಾಗಿ ಜೀವಮಾನವಿಡೀ ಮಕ್ಕಳ ಬಾಯಿಯಿಂದ ಶಬ್ದ ಕಸಿದುಕೊಂಡ ನನಗೆ ಅದು ನಾಟುವ ಮಾತೇ. ತೊಂದರೆ ಇದ್ದದ್ದು ಚಿತ್ರಗಳಲ್ಲಿ. ಮೊದಲ ಕಾರ್ಡಿನಲ್ಲಿ ಎತ್ತಿನ ಗಾಡಿ, ಎರಡನೆಯದರಲ್ಲಿ ಜೋಳದ ತೆನೆ. ನಮ್ಮ ಏರುತಗ್ಗಿನಲ್ಲಿ ಎತ್ತಿನ ಗಾಡಿಯನ್ನು ಯಾರು ನೋಡಿದ್ದಾರೆ? ಆಲಂಕಾರಿನ ತರಗತಿಯಲ್ಲಿ ಒಬ್ಬ ಅಜ್ಜಿ ಗಾಡಿಯ ಚಿತ್ರ ನೋಡಿ, ಇದು ಯಾವ ಮೆಷಿನು ಎಂದು ಕೇಳಿದರಂತೆ. ಪಾಪ, ಕಲಿಸಲು ಹೋದ ಹುಡುಗಿ ಅಂದಿನ ಪಾಠವೆಲ್ಲ ಎತ್ತಿಗೆ ನೊಗ ಕಟ್ಟುವುದನ್ನು ವಿವರಿಸುವುದರಲ್ಲೇ ಕಳೆದಳು. ಅವಳೂ ಎತ್ತಿನ ಗಾಡಿ ನೋಡಿದವಳಲ್ಲ.

ಮುಂದಿನ ತರಬೇತಿಗೆ ನಾನು ಆ ತಗಡಿನ ಡಬ್ಬವನ್ನೇ ಹೊತ್ತುಕೊಂಡು ಹೋಗಿ ಮೇಜಿನ ಮೇಲೆ ಸುರಿದೆ. ಓದು ಬಾರದಿದ್ದರೂ ಯಾರಿಗೆ ಮದುವೆ ಕಾಗದ ಗೊತ್ತಿಲ್ಲ? ಯಾರ ಮಗಳು, ಯಾವ ಮನೆ, ಯಾವ ಹಾಲ್ ಎಂದು ಓದುವ ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ಹೆಸರನ್ನು ಅಕ್ಷರದಲ್ಲಿ ಹುಡುಕುವುದಷ್ಟೇ ಕೆಲಸ. ಸ್ವಯಂಸೇವಕರು ಖುಷಿಯಾದರು. ಮರುವಾರ ಎಲ್ಲರೂ ತಮ್ಮ ಮನೆ, ನೆರೆಮನೆಗಳಿಂದ ಚೀಲಗಟ್ಟಲೆ ತಂದು ಸುರಿದರು. ಗಣಪತಿ ಇದ್ದವು, ಚಂದ್ರ ನಕ್ಷತ್ರ ಇದ್ದವು, ಶಿಲುಬೆ ಇದ್ದವು. ಯಾರ ಮನೆಯಲ್ಲೂ ಯಾರೂ ಯಾವುದನ್ನೂ ಎಸೆದಿರಲಿಲ್ಲ. ಬೇರೆ ಜಿಲ್ಲೆಯವರು ಪಾಠೋಪಕರಣ ಇಲ್ಲವೆಂದು ಅಳುತ್ತಿದ್ದರೆ ನಮ್ಮಲ್ಲಿ ಇಡಲು ಜಾಗವಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಆ ತರಬೇತಿಗೆ ಸುಳ್ಯದ ಅಜ್ಜಾವರದಿಂದ ಬರುತ್ತಿದ್ದವಳು ರೇವತಿ. ಮದುವೆಯಾಗಿ ಆ ಮನೆಗೆ ಬಂದು ಹೆಚ್ಚು ಸಮಯವಾಗಿರಲಿಲ್ಲ. ಅವಳಿಗೆ ಕಲಿಸಲು ಸಿಕ್ಕಿದ್ದು ಒಬ್ಬರೇ, ಅವಳ ಸ್ವಂತ ಅತ್ತೆ. ಹೆಸರು ಸೇಸಕ್ಕ. ಚಿಕ್ಕಂದಿನಲ್ಲಿ ತಮ್ಮಂದಿರನ್ನು ನೋಡಿಕೊಳ್ಳಲು ಶಾಲೆ ಬಿಡಿಸಿದ್ದರು, ಮತ್ತೆ ಯಾರೂ ಸೇರಿಸಲಿಲ್ಲ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ನನ್ನಂಥವರೊಡನೆ ಕನ್ನಡ. ಮೂರನ್ನೂ ನೀರು ಕುಡಿದ ಹಾಗೆ ಮಾತಾಡುವ ಹೆಂಗಸು ಈ ವಯಸ್ಸಿನಲ್ಲಿ ಓದು ಕಲಿಯಲು ಹೊರಟದ್ದಕ್ಕೆ ಕಾರಣ ಒಂದು ಮದುವೆಯೂಟ.

ಆ ಕತೆಯನ್ನು ಅವರೇ ನನಗೆ ಹೇಳಿದ್ದು. ಪುತ್ತೂರಿನಲ್ಲಿ ಒಂದೇ ಕಟ್ಟಡದ ಮೇಲೊಂದು ಕೆಳಗೊಂದು ಹಾಲ್. ಎರಡರಲ್ಲೂ ಅಂದು ಮದುವೆ. ಸೇಸಕ್ಕ ಒಬ್ಬರೇ ಬಸ್ಸಿಳಿದು ಬಂದರು. ಹೂವಿನ ಬೋರ್ಡಿನಲ್ಲಿ ಹೆಸರು ಬರೆದಿದ್ದರೂ ಬರೆಯದಿದ್ದರೂ ಅವರಿಗೆ ಒಂದೇ. ಜನ ಹೋಗುವ ಕಡೆ ಹೋದರು. ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು, ಒಳಗೆ ಹತ್ತು ಮಂದಿ ಬಂದಿರಾ ಎಂದು ನಕ್ಕರು. ನಮ್ಮ ಮದುವೆಗಳಲ್ಲಿ ಅರ್ಧ ಜನಕ್ಕೆ ಇನ್ನರ್ಧ ಜನರ ಪರಿಚಯ ಇರುವುದಿಲ್ಲ. ಅಕ್ಷತೆ ಹಾಕಿ, ಉಡುಗೊರೆಯ ಪೊಟ್ಟಣವನ್ನು ಮದುಮಗಳ ಕೈಗಿತ್ತು, ಊಟಕ್ಕೆ ಕುಳಿತು, ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುವಾಗ ಪಕ್ಕದವರು ನೀವು ಯಾರ ಕಡೆಯವರು ಎಂದು ಕೇಳಿದರು. ಆಗ ಗೊತ್ತಾಯಿತು, ತನ್ನ ಸಂಬಂಧಿಕರ ಮದುವೆ ಮೇಲಿನ ಹಾಲಿನಲ್ಲಿ. ಕೊಟ್ಟ ಉಡುಗೊರೆಯನ್ನು ವಾಪಸು ಕೇಳುವಂತೆಯೂ ಇಲ್ಲ, ಬರಿಗೈಯಲ್ಲಿ ಮೇಲೆ ಹತ್ತುವಂತೆಯೂ ಇಲ್ಲ. ಸೀದಾ ಮನೆಗೆ ಬಂದರು.

ಅಂದಿನಿಂದ ಅವರ ಯಜಮಾನರಿಗೆ ಹಬ್ಬ. ಕುಶಾಲಪ್ಪಣ್ಣ ಕೆಟ್ಟ ಮನುಷ್ಯರಲ್ಲ, ಹೆಂಡತಿಯ ಮೇಲೆ ಪ್ರೀತಿ ಇರುವವರೇ. ಆದರೆ ಸಿಕ್ಕಿದ ತಮಾಷೆಯನ್ನು ಹಳತಾಗಲು ಬಿಡುವ ಜಾತಿಯೂ ಅಲ್ಲ. ಯಾರಾದರೂ ಮದುವೆಗೆ ಕರೆಯಲು ಬಂದರೆ ಸಾಕು, ಅವರ ಎದುರೇ ಹೆಂಡತಿಯ ಕಡೆ ತಿರುಗಿ, “ಮೇಲಿನದ್ದಾ, ಕೆಳಗಿನದ್ದಾ?” ಎಂದು ಕೇಳುವುದು. ಮಗನ ಮದುವೆಯ ದಿನವೂ ಬಿಡಲಿಲ್ಲವಂತೆ.

“ನನಗೆ ಪೇಪರು ಪುಸ್ತಕ ಎಂತದ್ದೂ ಬೇಡ ಟೀಚರೇ,” ಎಂದಿದ್ದರು ಸೇಸಕ್ಕ ಮೊದಲ ಸಲ ಕಂಡಾಗ. “ಇವರ ಬಾಯಿ ಒಮ್ಮೆ ಮುಚ್ಚಿಸ್ಬೇಕು. ಅಷ್ಟಾದ್ರೆ ಸಾಕು.”

ಓದು ಕಲಿಯಲು ಇದಕ್ಕಿಂತ ಗಟ್ಟಿಯಾದ ಕಾರಣವನ್ನು ನಾನು ಯಾವ ಕೈಪಿಡಿಯಲ್ಲೂ ಕಂಡಿಲ್ಲ.

ಪಾಠ ಶುರುವಾಗಿ ಸ್ವಲ್ಪ ದಿನವಾಗಿತ್ತಷ್ಟೆ. ಅತ್ತೆ ಇಡೀ ಮದುವೆ ಕಾಗದ ಓದುತ್ತಾರೆ ಎಂದು ರೇವತಿ ತರಬೇತಿಯಲ್ಲಿ ಮೆಲ್ಲಗೆ ಹೇಳಿದಳು. ಅವಳ ದನಿ ಏಕೆ ಅಷ್ಟು ಮೆಲ್ಲಗಿತ್ತು ಎಂದು ನಾನು ಯೋಚಿಸಬೇಕಿತ್ತು. ಯೋಚಿಸದೆ ಇಡೀ ತಂಡವನ್ನು ಜೀಪಿನಲ್ಲಿ ತುಂಬಿಸಿಕೊಂಡು ಅಜ್ಜಾವರಕ್ಕೆ ಹೊರಟೆ. ದಾರಿಯುದ್ದಕ್ಕೂ ನನ್ನ ಡಬ್ಬದ ಮಹಿಮೆಯನ್ನು ಹೊಗಳಿಕೊಂಡದ್ದು ಈಗಲೂ ನೆನಪಿದೆ. ಜೀಪಿನ ಚಾಲಕನಿಗೂ ಹೇಳಿದ್ದೆ.

ಸೇಸಕ್ಕ ಒಳ್ಳೆಯ ಸೀರೆ ಉಟ್ಟು ಚಾವಡಿಯಲ್ಲಿ ಚಾಪೆ ಹಾಸಿ ಕಾದಿದ್ದರು. ರೇವತಿ ಕಾಗದ ಕೈಗೆ ಕೊಟ್ಟೊಡನೆ ನಿರರ್ಗಳವಾಗಿ ಹೊರಟಿತು. ಮಾನ್ಯರೇ ಎಂಬಲ್ಲಿಂದ ಹಿಡಿದು, ಗುರುಹಿರಿಯರು ನಿಶ್ಚಯಿಸಿದ ಶುಭಮುಹೂರ್ತ ದಾಟಿ, ತಾವು ಸಕುಟುಂಬಿಕರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕು ಎಂಬಲ್ಲಿಯ ತನಕ ಒಂದು ಕಡೆಯೂ ತಡೆಯಿಲ್ಲ. ನನ್ನ ಹತ್ತನೇ ತರಗತಿಯ ಮಕ್ಕಳೂ ಅಷ್ಟು ಚೆಂದ ಓದಿದವರಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಜಗಲಿಯ ಕುರ್ಚಿಯಲ್ಲಿದ್ದ ಕುಶಾಲಪ್ಪಣ್ಣ ಕೂಡ ಕತ್ತು ಉದ್ದ ಮಾಡಿ ನೋಡಿದರು. ನಾನು ಉಬ್ಬಿಹೋಗಿ, ಇನ್ನೊಂದು ಓದಿ ಸೇಸಕ್ಕ ಎಂದು ಡಬ್ಬದಿಂದ ಕೈಗೆ ಸಿಕ್ಕಿದ್ದನ್ನು ತೆಗೆದುಕೊಟ್ಟೆ.

ಅದನ್ನೂ ಅವರು ಅಷ್ಟೇ ಚೆಂದ ಓದಿದರು. ಕಣ್ಣು ಕಾಗದದ ಮೇಲಿರಲಿಲ್ಲ, ಚಪ್ಪಾಳೆ ತಟ್ಟುವ ನಮ್ಮ ಮೇಲಿತ್ತು. ಶುಭಮುಹೂರ್ತ ಬಂತು, ವಧೂವರರು ಬಂದರು. ನನ್ನ ಪಕ್ಕದಲ್ಲಿ ಕುಳಿತ ಹುಡುಗಿ ಕಾಗದದ ಕಡೆ ಬಗ್ಗಿ ನೋಡಿದವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನೂ ಬಗ್ಗಿದೆ. ಮೇಲೆ ಗಣಪತಿ ಇರಲಿಲ್ಲ. ಮೂಲೆಯಲ್ಲಿ ಅರಸಿನ ಇರಲಿಲ್ಲ. ಕಪ್ಪು ಶಾಯಿಯ ಆ ಕಾಗದ ಯಾರದೋ ಉತ್ತರಕ್ರಿಯೆಯದ್ದು. ಚೀಲಗಟ್ಟಲೆ ಬಂದ ರಾಶಿಯಲ್ಲಿ ಎಲ್ಲಿಂದಲೋ ಸೇರಿಕೊಂಡಿತ್ತು. ಸತ್ತವರ ಆತ್ಮಕ್ಕೆ ಶಾಂತಿ ಕೋರಬೇಕಾದಲ್ಲಿ ಸೇಸಕ್ಕ ವಧೂವರರನ್ನು ಆಶೀರ್ವದಿಸಲು ಎಲ್ಲರನ್ನೂ ಸಕುಟುಂಬ ಕರೆಯುತ್ತಿದ್ದರು.

ಕುಶಾಲಪ್ಪಣ್ಣ ಎದ್ದು ಬಂದು ನೋಡಿದರು, ಮತ್ತು ನಕ್ಕರು. ಅವರೊಬ್ಬರೇ ಅಲ್ಲ, ಜೀಪಿನಲ್ಲಿ ಬಂದವರಿಗೂ ತಡೆಯಲಾಗಲಿಲ್ಲ. ಸೇಸಕ್ಕ ಕಾಗದವನ್ನು ಚಾಪೆಯ ಮೇಲಿಟ್ಟು ಒಳಗೆ ಹೋದರು. ನಾವು ಹೊರಡುವ ತನಕವೂ ಹೊರಗೆ ಬರಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ, ಡಬ್ಬ ನನ್ನ ಮಡಿಲಲ್ಲಿತ್ತು.

ನಡೆದದ್ದು ಇಷ್ಟೆ. ಎಷ್ಟೋ ವರ್ಷಗಳಿಂದ ಆ ಮನೆಗೆ ಬಂದ ಪ್ರತಿಯೊಂದು ಮದುವೆ ಕಾಗದವನ್ನೂ ಯಾರಾದರೂ ಅವರಿಗೆ ಜೋರಾಗಿ ಓದಿ ಹೇಳಿದ್ದರು. ನಮ್ಮ ಮದುವೆ ಕಾಗದಗಳು ಹೆಸರು ಬಿಟ್ಟರೆ ಎಲ್ಲ ಒಂದೇ ಅಚ್ಚು. ಹೆಸರುಗಳನ್ನೋ, ರೇವತಿ ಮುಂಚೆಯೇ ಹೇಳಿಕೊಡುತ್ತಿದ್ದಳು. ಉಳಿದದ್ದು ಸೇಸಕ್ಕನಿಗೆ ಬಾಯಿಪಾಠ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂದು ಎಲ್ಲರಿಗೂ ಪಾಠ ಮಾಡಿದ ನಾನು, ಗೊತ್ತಿರುವುದರಲ್ಲೇ ಅವರನ್ನು ಕೂಡಿಹಾಕಿದ್ದೆ.

ಎರಡು ದಿನ ಬಿಟ್ಟು ರೇವತಿ ಫೋನು ಮಾಡಿದಳು. ತನ್ನ ತಲೆಗೆ ಅಕ್ಷರ ಹತ್ತುವುದಿಲ್ಲ, ಇನ್ನು ಸಾಕು ಎಂದು ಅತ್ತೆ ಸ್ಲೇಟನ್ನು ಮರದ ಪೆಟ್ಟಿಗೆಯ ಮೇಲಿಟ್ಟಿದ್ದಾರೆ ಎಂದಳು. ಮಾವನ ತಮಾಷೆಗೆ ಹೊಸ ಬಾಲ ಬಂದಿದೆ ಎಂದೂ ಹೇಳಿದಳು. ಈಗ ಅವರು ಕೇಳುವುದು, “ಮದುವೆಯಾ, ಬೊಜ್ಜವಾ?” ಬೊಜ್ಜ ಎಂದರೆ ನಮ್ಮಲ್ಲಿ ಉತ್ತರಕ್ರಿಯೆ.

“ಅತ್ತೆ ಓದುದಲ್ಲ, ಬಾಯಿಪಾಠ ಹೇಳುದು ಅಂತ ನಂಗೆ ಗೊತ್ತಿತ್ತು ಟೀಚರ್,” ಎಂದು ಅವಳು ಕೊನೆಗೆ ಬಾಯಿಬಿಟ್ಟಳು. “ಆದ್ರೆ ಅವರಿಗೆ ‘ಅಲ್ಲ’ ಅಂತ ಹೇಳುದು ಹೇಗೆ? ಆ ಮನೆಗೆ ಬಂದ ಮೇಲೆ ನಾನು ಒಂದು ಸಲವೂ ಅತ್ತೆಗೆ ಅಲ್ಲ ಅಂದವಳಲ್ಲ.”

ಇದು ನನಗೆ ಹೊಳೆದಿರಲೇ ಇಲ್ಲ. ಕೈಪಿಡಿ ಬರೆದವರಿಗೂ ಹೊಳೆದಿರಲಿಲ್ಲ. ತಪ್ಪಾದಾಗ ಮೃದುವಾಗಿ ತಿದ್ದಿ ಎಂದು ಒಂದು ಗೆರೆಯಲ್ಲಿ ಮುಗಿಸಿದ್ದರು. ಸೊಸೆ ಅತ್ತೆಯನ್ನು, ತಮ್ಮನ ಹೆಂಡತಿ ಭಾವನನ್ನು, ಕೆಲಸಕ್ಕೆ ಬರುವವಳು ಮನೆಯ ಯಜಮಾನಿಯನ್ನು ಹೇಗೆ ತಿದ್ದುವುದು? ನನ್ನ ಸ್ವಯಂಸೇವಕರಲ್ಲಿ ಹೆಚ್ಚಿನವರು ಹಾಗೆ ಯಾರಿಗೂ ಎದುರಾಡದೆ ಬೆಳೆದ ಹೆಣ್ಣುಮಕ್ಕಳು. ಎಲ್ಲರ ತರಗತಿಯಲ್ಲೂ ಹಿರಿಯರು ಹೇಳಿದ್ದಕ್ಕೆಲ್ಲ ‘ಹೌದು ಹೌದು’ ಎನ್ನುವುದೇ ಪಾಠವಾಗಿತ್ತು.

ಮುಂದಿನ ವಾರ ದರ್ಬೆಯ ನಮ್ಮ ತರಬೇತಿಯ ಹಾಲ್‌ನಲ್ಲಿ ಪಟ, ಕಾರ್ಡು ಎಲ್ಲ ಬದಿಗಿಟ್ಟು ಒಂದೇ ಅಭ್ಯಾಸ ಮಾಡಿಸಿದೆ. ಇಬ್ಬಿಬ್ಬರು ಎದುರುಬದುರು ಕುಳಿತುಕೊಳ್ಳುವುದು, ಒಬ್ಬಳು ಅತ್ತೆ, ಒಬ್ಬಳು ಸೊಸೆ. ಅತ್ತೆ ಬೇಕೆಂದೇ ತಪ್ಪು ಓದಬೇಕು. ಸೊಸೆ, “ಅಲ್ಲ ಅತ್ತೆ, ಇನ್ನೊಮ್ಮೆ ನೋಡಿ,” ಎನ್ನಬೇಕು. ಇಷ್ಟು ಮಾತು ಬಾಯಿಂದ ಹೊರಡಿಸಲು ನಾನು ಪಟ್ಟ ಪಾಡು! ಒಬ್ಬಳು ಅಲ್ಲ ಎನ್ನುವಾಗ ತಲೆಯನ್ನು ಹೌದೆಂದು ಅಲ್ಲಾಡಿಸುತ್ತಿದ್ದಳು. ಇನ್ನೊಬ್ಬಳು ಅಲ್ಲ ಎಂದವಳೇ ಎದ್ದು ಅತ್ತೆಯ ಪಾತ್ರದವಳ ಕಾಲು ಮುಟ್ಟಿದಳು. ಅತ್ತೆಯಂದಿರಾದವರು ಮಾತ್ರ ಪಾತ್ರದೊಳಗೆ ಚೆನ್ನಾಗಿ ಇಳಿದು, ನನಗೆ ಹೇಳಿಕೊಡುವಷ್ಟು ದೊಡ್ಡವಳಾದೆಯಾ ಎಂದು ಗದರಿಸುತ್ತಿದ್ದರು. ಚಹಾದ ಹೊತ್ತಿಗೆ ಹಾಲ್ ತುಂಬ ‘ಅಲ್ಲ ಅತ್ತೆ’ ‘ಅಲ್ಲ ಅತ್ತೆ’ ಎಂದು ಕೇಳತೊಡಗಿತು. ಕೆಳಗಿನ ಅಂಗಡಿಯವರು ಮೇಲೆ ಬಂದು, ಎಂತ ಟೀಚರ್ ನಾಟಕವಾ ಎಂದು ಕೇಳಿದರು. ಈಗ ನಮ್ಮ ಮೂರು ತಾಲೂಕಿನ ತರಬೇತಿಯಲ್ಲಿ ಮೊದಲ ದಿನದ ಮೊದಲ ಪಾಠ ಅದುವೇ. ಅಕ್ಷರದ ಪಾಠ ಮಧ್ಯಾಹ್ನದ ಮೇಲೆ.

ಕಾಗದಗಳನ್ನು ಮಾತ್ರ ನಾನು ಬಿಡಲಿಲ್ಲ. ನನ್ನ ಅಮ್ಮನ ಆಸ್ತಿ, ಹಾಗೆ ಸುಲಭಕ್ಕೆ ಬಿಡುವುದುಂಟೇ? ಗಣಪತಿಯನ್ನು ಮೇಲಿನಿಂದ ಜಾಗ್ರತೆಯಾಗಿ ಬೇರೆ ಮಾಡಿ, ಕೆಳಗಿನದನ್ನು ಕತ್ತರಿಯಿಂದ ಶಬ್ದ ಶಬ್ದವಾಗಿ ಕತ್ತರಿಸಿ ಕಲಸಿಬಿಟ್ಟೆವು. ಆಗ ಬಾಯಿಪಾಠ ನಡೆಯುವುದಿಲ್ಲ. ಉತ್ತರಕ್ರಿಯೆಯ ಕಾಗದಗಳನ್ನೂ, ಗೃಹಪ್ರವೇಶದವನ್ನೂ, ಭಜನಾ ಮಂಡಳಿಯವನ್ನೂ ಬೇಕೆಂದೇ ಸೇರಿಸಿದೆವು. ಬೇರೆ ಮಾಡಿದ ಗಣಪತಿಗಳು ಈಗ ನನ್ನ ಮನೆಯಲ್ಲಿ ಇನ್ನೊಂದು ಡಬ್ಬ ತುಂಬ ಇವೆ.

ಸೇಸಕ್ಕನನ್ನು ಮತ್ತೆ ಚಾಪೆಯ ಮೇಲೆ ತಂದು ಕೂರಿಸಿದ್ದು ನಾನೂ ಅಲ್ಲ, ರೇವತಿಯೂ ಅಲ್ಲ, ಕುಶಾಲಪ್ಪಣ್ಣನೇ. ಯಾರೋ ಮದುವೆಗೆ ಕರೆಯಲು ಬಂದು ಹೋದ ಮೇಲೆ ಅವರು ಕಾಗದ ಕೈಯಲ್ಲಿ ಹಿಡಿದು ಎರಡು ಪ್ರಶ್ನೆಯನ್ನೂ ಸೇರಿಸಿ ಕೇಳಿದರಂತೆ, ಮದುವೆಯಾ ಬೊಜ್ಜವಾ, ಮೇಲಿನದ್ದಾ ಕೆಳಗಿನದ್ದಾ ಎಂದು. ಸೇಸಕ್ಕ ಗಂಡನ ಕೈಯಿಂದ ಕಾಗದ ತೆಗೆದುಕೊಂಡು ಸೀದಾ ಅಡುಗೆಮನೆಗೆ ಹೋಗಿ ಸೊಸೆಯ ಮುಂದೆ ಹಿಡಿದು, ಇದರಲ್ಲಿ ಮದುವೆ ಅಂತ ಎಲ್ಲುಂಟು ತೋರಿಸು ಎಂದರು. ರೇವತಿ ಅತ್ತೆಯೇ ಹುಡುಕಲಿ ಎಂದಳು. ಅತ್ತೆ ಒಂದು ಕಡೆ ಬೆರಳಿಟ್ಟರು. ರೇವತಿ ಕಣ್ಣು ಮುಚ್ಚಿಕೊಂಡು ಅಲ್ಲ ಎಂದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಅತ್ತೆ ಮತ್ತೆ ಹುಡುಕಿದರು.

ಆಮೇಲೆ ಒಂದು ಮಳೆಗಾಲ ಕಳೆಯಿತು. ನಾನು ವಿಚಾರಿಸಲೂ ಇಲ್ಲ, ನೋಡಲೂ ಹೋಗಲಿಲ್ಲ. ಒಂದು ದಿನ ಫೋನಿನಲ್ಲಿ ಸೇಸಕ್ಕನೇ ಮಾತಾಡಿದರು.

“ಅವತ್ತು ಜೀಪಿನಲ್ಲಿ ಯಾರೆಲ್ಲ ಬಂದಿದ್ರೋ ಅವರನ್ನೇ ಕರ್ಕೊಂಡು ಬನ್ನಿ ಟೀಚರೇ. ಹೊಸಬರು ಬೇಡ.”

ನಗಾಡಿದವರ ಎದುರೇ ಓದಬೇಕೆಂಬ ಛಲ. ನನಗೆ ಒಳಗೊಳಗೇ ಹೆದರಿಕೆಯಾಯಿತು. ಈ ಸಲ ಏನಾದರೂ ಎಡವಟ್ಟಾದರೆ ಆ ಸ್ಲೇಟು ಪೆಟ್ಟಿಗೆಯ ಮೇಲಲ್ಲ, ಬಾವಿಗೇ ಹೋಗುತ್ತದೆ. ಆದರೆ ಫೋನಿನಲ್ಲಿ ಆ ದನಿ ಕೇಳಿದ ಯಾರಿಗೂ ಬೇಡ ಎನ್ನುವ ಧೈರ್ಯ ಬರುತ್ತಿರಲಿಲ್ಲ. ಅದೇ ಜನರನ್ನು ಒಬ್ಬೊಬ್ಬರಾಗಿ ಹುಡುಕಿ ಒಟ್ಟು ಮಾಡಿದೆ. ಅದೇ ಜೀಪು. ಹೊರಡುವ ಮುಂಚೆ ರೇವತಿಯ ಗಂಡ ಫೋನು ಮಾಡಿ, ಸುಳ್ಯ ಪೇಟೆಯಲ್ಲಿ ತಾನು ತೆರೆಯುವ ಪಂಪು, ಪೈಪಿನ ಅಂಗಡಿಯ ಆಮಂತ್ರಣ ದರ್ಬೆಯ ಪ್ರೆಸ್ಸಿನಲ್ಲಿ ತಯಾರಾಗುತ್ತಿದೆ, ಅದರ ಪ್ರೂಫ್ ಒಂದು ತಂದುಕೊಡಿ ಎಂದು ಕೇಳಿದ್ದ. ಪ್ರೆಸ್ಸಿನವರು ಕೊಟ್ಟ ಲಕೋಟೆಯನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡೆ.

ಚಾವಡಿಯಲ್ಲಿ ಅದೇ ಚಾಪೆ, ಅದೇ ಸೀರೆ. ನಾನು ಡಬ್ಬಕ್ಕೆ ಕೈಹಾಕಿದಾಗ ಸೇಸಕ್ಕ ತಡೆದರು. ಆ ಡಬ್ಬದ್ದನ್ನೆಲ್ಲ ಕೇಳಿ ಕೇಳಿ ಗೊತ್ತುಂಟು, ಗೊತ್ತಿಲ್ಲದ್ದು ಕೊಡಿ ಎಂದರು. ನನ್ನ ಹತ್ತಿರ ಬೇರೇನೂ ಇರಲಿಲ್ಲ, ಆ ಲಕೋಟೆಯ ಹೊರತು. ಬರೆಸಿದ ಮಗ ಸುಳ್ಯದಲ್ಲಿದ್ದ, ಅದರಲ್ಲಿ ಏನು ಬರೆದಿದೆಯೆಂದು ಆಗ ಮನೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಬಿಚ್ಚಿ ಕೊಟ್ಟೆ.

ಈ ಸಲ ನಿರರ್ಗಳ ಎಂಬ ಮಾತೇ ಇಲ್ಲ. ಅಕ್ಷರದಿಂದ ಅಕ್ಷರಕ್ಕೆ ಬೆರಳು ಹೋಗಬೇಕು, ನಿಲ್ಲಬೇಕು, ತುಟಿ ಅಲುಗಬೇಕು, ಆಮೇಲೆ ದನಿ. ಶು, ಭಾ, ರಂ, ಭ. ಶುಭಾರಂಭ. ಆತ್ಮೀಯರೇ ಎಂಬಲ್ಲಿ ಒತ್ತಕ್ಷರದ ಮೇಲೆ ಬೆರಳು ಬಹಳ ಹೊತ್ತು ಕುಳಿತಿತು. ನೂತನ ಎಂಬುದನ್ನು ಅವರು ನೂರನೇ ಎಂದು ಓದಿದರು.

“ಅಲ್ಲ ಅತ್ತೆ,” ಎಂದಳು ರೇವತಿ. ಅಷ್ಟು ಜನರ ಎದುರಿಗೆ, ಕಣ್ಣು ತೆರೆದುಕೊಂಡೇ.

ಸೇಸಕ್ಕ ಮತ್ತೆ ನೋಡಿದರು, ಸರಿಪಡಿಸಿಕೊಂಡರು, ಮುಂದೆ ಹೋದರು. ಹೊರಗಿನ ಕುರ್ಚಿ ಕರಕರ ಎಂದಿತು. ಕುಶಾಲಪ್ಪಣ್ಣ ಬಾಗಿಲಿಗೆ ಬಂದು ನಿಂತಿದ್ದರು. ಕಾಗದದ ಬುಡಕ್ಕೆ ಬಂದಾಗ ‘ತಮ್ಮ ಆಗಮನವನ್ನು ಬಯಸುವ’ ಎಂಬ ತನಕ ಓದಿದ ಸೇಸಕ್ಕ ಅಲ್ಲಿ ನಿಂತುಬಿಟ್ಟರು.

ಬೆರಳು ಮುಂದಿನ ಶಬ್ದದ ಕೆಳಗೆ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ಹೋಯಿತು. ತುಟಿ ಅಲುಗಲಿಲ್ಲ. ಬೆರಳು ಮತ್ತೆ ಮೊದಲಿಗೆ ಬಂತು. ನನ್ನ ಪಕ್ಕದ ಹುಡುಗಿ ತಡೆಯಲಾರದೆ, ಕು ಎಂದು ಶುರುಮಾಡಿದಳು. ನಾನು ಅವಳ ಮೊಣಕೈ ಹಿಡಿದು ಸುಮ್ಮನಾಗಿಸಿದೆ. ಸಮಯ ಕೊಡಿ, ಬಾಯಿ ಹಾಕಬೇಡಿ ಎಂದು ನನಗೆ ನಾನೇ ಹೇಳಿಕೊಂಡೆ. ಆತ್ಮೀಯರೇ ಓದಿದವರಿಗೆ ಇಲ್ಲಿ ಎಂತ ಕಷ್ಟ ಎಂದು ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಸೇಸಕ್ಕ ಆ ಶಬ್ದದ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿ, ಅದರ ಮುಂದಿನದನ್ನು ಓದಿದರು. ಮತ್ತು. ಮನೆಯವರು. ಓದಿ, ಕಾಗದ ಮಡಿಲಲ್ಲಿಟ್ಟು ತಲೆಯೆತ್ತಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಡುವೆ ಒಂದು ಶಬ್ದ ಬಿಟ್ಟುಹೋಯಿತಲ್ಲ ಸೇಸಕ್ಕ ಎಂದು ನಾನು ಆದಷ್ಟು ಮೃದುವಾಗಿ ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. ಇಷ್ಟು ಕಲಿತವಳಿಗೆ ಇದೂ ತಿಳಿಯುವುದಿಲ್ಲವಲ್ಲ ಎಂಬ ಹಾಗೆ.

“ಬಿಟ್ಟದ್ದಲ್ಲ ಟೀಚರೇ. ಓದಿದೆ. ಹೇಳ್ಲಿಕ್ಕಿಲ್ಲ, ಅಷ್ಟೆ.”

ಹೆಬ್ಬೆರಳಿನ ಅಡಿಯಲ್ಲಿ ಇದ್ದದ್ದು ‘ಕುಶಾಲಪ್ಪ’.

ನನಗೆ ಅಳು ಬಂತು. ಮುಚ್ಚಿಟ್ಟುಕೊಳ್ಳುವುದೇನು, ಎಲ್ಲರ ಎದುರಿಗೇ ಕಣ್ಣೊರೆಸಿಕೊಂಡೆ. ಹಿಂದಿನ ಸಲ ಎಲ್ಲೂ ನಿಲ್ಲದೆ ಓಡಿದ್ದು ಬಾಯಿಪಾಠ, ಈ ಸಲ ನಿಂತದ್ದು ಓದು. ಅದಕ್ಕಿಂತ ದೊಡ್ಡ ಪರೀಕ್ಷೆಯನ್ನು ಯಾವ ತರಬೇತಿಯೂ ಮಾಡಲಾರದು. ಚೌತಿಯ ಭಜನೆಯಲ್ಲಿ ಒಂದು ಹೆಸರನ್ನು ಹಾರಿ ದಾಟುತ್ತಿದ್ದ ಅಮ್ಮನ ಮಗಳಾಗಿ, ಆ ಡಬ್ಬವನ್ನೇ ಹೊತ್ತು ಬಂದು, ನಾನು ಅದನ್ನು ಗುರುತು ಹಿಡಿಯದೆ ಹೋದೆನಲ್ಲ ಎಂದು ನಗುವೂ ಬಂತು.

ಎಲ್ಲರೂ ಕುಶಾಲಪ್ಪಣ್ಣನ ಕಡೆ ನೋಡಿದರು. ಮೇಲಿನದ್ದೋ ಕೆಳಗಿನದ್ದೋ, ಮದುವೆಯೋ ಬೊಜ್ಜವೋ, ಏನಾದರೊಂದು ಬರುತ್ತದೆಂದು ಕಾದರು. ಅವರು ಹೊಸ್ತಿಲಲ್ಲೇ ಕುಳಿತುಕೊಂಡರು. ಹೆಗಲ ಮೇಲಿನ ಟವೆಲನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡರು.

“ಅದು ಸರಿ ಉಂಟಾ ನೋಡು ಮಾರಾಯ್ತಿ,” ಎಂದರು. “ಮಗನ ಮದುವೆ ಕಾಗದದಲ್ಲಿ ತಪ್ಪು ಹಾಕಿದ್ರು.”

ಸೇಸಕ್ಕ ಕಾಗದವನ್ನು ಮತ್ತೆ ಎತ್ತಿಕೊಂಡು ಬೆಳಕಿನ ಕಡೆ ತಿರುಗಿಸಿದರು. ಹೆಬ್ಬೆರಳು ಸರಿಸಿ ಒಂದೊಂದೇ ಅಕ್ಷರವನ್ನು ನೋಡಿದರು. ಅವರು ಏನೂ ಅವಸರ ಮಾಡಲಿಲ್ಲ, ನಾವೂ ಮಾಡಲಿಲ್ಲ.

“ಸರಿ ಉಂಟು,” ಎಂದರು.

ಸಂಜೆ ದರ್ಬೆಗೆ ವಾಪಸಾಗಿ ಪ್ರೂಫನ್ನು ಪ್ರೆಸ್ಸಿಗೆ ಕೊಟ್ಟೆ. ಮುದ್ರಿಸಬಹುದು ಎಂದೆ. ಪ್ರೆಸ್ಸಿನವರು ಕನ್ನಡಕ ಏರಿಸಿ, ಹೆಸರು ಗಿಸರು ಎಲ್ಲ ಸರಿಯಾಗಿ ನೋಡಿದ್ದೀರಾ, ಮತ್ತೆ ನಮ್ಮನ್ನು ಹೇಳಬಾರದು, ಯಾರು ನೋಡಿದ್ದು ಎಂದು ಕೇಳಿದರು.

“ಅಜ್ಜಾವರದ ಸೇಸಕ್ಕ,” ಎಂದೆ.